ಡಾಲರ್ ಬಿಟ್ಟು ಬೇರೆ ದಾರಿ
ಬ್ರೆಜಿಲ್ ಸೋಯಾ ಮಾರುತ್ತದೆ, ಚೀನಾ ಕೊಳ್ಳುತ್ತದೆ, ನಡುವೆ ಡಾಲರ್ ಯಾಕೆ ಬೇಕು ಅಂತ ಕೇಳುವುದರಲ್ಲಿ ನ್ಯಾಯವಿದೆ. 2022ರಲ್ಲಿ ರಷ್ಯಾದ ಸುಮಾರು 30,000 ಕೋಟಿ ಡಾಲರ್ ಮೀಸಲು ಹಣಕ್ಕೆ ಪಾಶ್ಚಾತ್ಯ ದೇಶಗಳು ಬೀಗ ಹಾಕಿದ ಮೇಲಂತೂ, ನಾಳೆ ನಮ್ಮ ಗತಿ ಏನು ಅನ್ನುವ ಭಯ ಎಷ್ಟೋ ದೇಶಗಳಿಗೆ ಹುಟ್ಟಿಕೊಂಡಿದೆ. ಆದರೆ ಬೇರೆ ದಾರಿ ಸಲೀಸಲ್ಲ. ಅದೇ ವರ್ಷದ ಜುಲೈನಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ವಿದೇಶಿ ವ್ಯಾಪಾರದ ಲೆಕ್ಕವನ್ನು ರೂಪಾಯಿಯಲ್ಲೇ ಚುಕ್ತಾ ಮಾಡಲು ಅವಕಾಶ ಕೊಟ್ಟಿತು. ನಾವು ರಷ್ಯಾದಿಂದ ತರಿಸಿದ ತೈಲ ಜಾಸ್ತಿ, ಅವರು ನಮ್ಮಿಂದ ಕೊಂಡದ್ದು ತೀರಾ ಕಡಿಮೆ. ಹೀಗಾಗಿ ರಷ್ಯಾಕ್ಕೆ ಸಂದ ರೂಪಾಯಿ ಇಲ್ಲಿನ ಬ್ಯಾಂಕುಗಳಲ್ಲೇ ರಾಶಿ ಬಿತ್ತು. 2023ರ ಮೇ ತಿಂಗಳಲ್ಲಿ ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್ ಗೋವಾಕ್ಕೆ ಬಂದಾಗ ಇದನ್ನು ಬಾಯಿಬಿಟ್ಟೇ ಹೇಳಿದರು. ಬೇಕಾದ್ದನ್ನು ಕೊಳ್ಳಲು ಆಗದ ಹಣವನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ, ಅಲ್ವಾ? ಕೊನೆಗೆ ಎಷ್ಟೋ ತೈಲಕ್ಕೆ ಯುಎಇಯ ದಿರ್ಹಮ್‌ನಲ್ಲಿ, ಸ್ವಲ್ಪಕ್ಕೆ ಚೀನಾದ ಯುವಾನ್‌ನಲ್ಲಿ ದುಡ್ಡು ಕಟ್ಟಬೇಕಾಯಿತು.