ಏಪ್ರಿಲ್ 25, ಮಧ್ಯಾಹ್ನ ಒಂದರವರೆಗೆ ಅಂಗಡಿ ಇಲ್ಲ

ಮೆಲ್ಬರ್ನಿಗೆ ಬಂದು ಎರಡು ತಿಂಗಳಾಗಿತ್ತು ಅಷ್ಟೇ. 2015ರ ಏಪ್ರಿಲ್, ಶನಿವಾರ. ಮನೆಗೆ ನಾಲ್ಕು ಜನ ಊಟಕ್ಕೆ ಬರುವವರಿದ್ದರು. ಬಿಸಿಬೇಳೆಬಾತಿಗೆ ಬೀನ್ಸು, ಕ್ಯಾರೆಟ್ಟು, ಕೊತ್ತಂಬರಿ ಸೊಪ್ಪು ತರೋಣ ಅಂತ ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹಿಡಿದು ಸೂಪರ್ ಮಾರ್ಕೆಟ್ಟಿಗೆ ಹೋದರೆ ಬಾಗಿಲು ಹಾಕಿತ್ತು. ಮಧ್ಯಾಹ್ನ ಒಂದು ಗಂಟೆಗೆ ತೆಗೆಯುತ್ತೇವೆ ಅಂತ ಒಂದು ಚೀಟಿ ಅಂಟಿಸಿದ್ದರು. ಬಂದ್ ಏನಾದರೂ ಇದೆಯಾ, ಈ ದೇಶದಲ್ಲೂ ಬಂದ್ ಮಾಡುತ್ತಾರಾ ಅಂತ ಯೋಚಿಸುತ್ತಾ ಅಲ್ಲೇ ನಿಂತಿದ್ದೆ. ಕೋಟು ಹಾಕಿಕೊಂಡ ಒಬ್ಬರು ಅಜ್ಜ ಎದುರಿನಿಂದ ಬಂದರು. ಎದೆಯ ಬಲಗಡೆ ಐದಾರು ಪದಕ. ನನ್ನ ಕೈಯ ಖಾಲಿ ಚೀಲ ನೋಡಿ ನಕ್ಕು, 'ಇವತ್ತು ಆನ್‌ಜಾಕ್ ಡೇ ಅಲ್ವಾ' ಅಂದರು. ನಾನೂ ಸುಮ್ನೆ ನಕ್ಕೆ. ಏನೂ ಗೊತ್ತಿರಲಿಲ್ಲ. ಆನ್‌ಜಾಕ್ ಅಂದರೆ ಮೊದಲ ಮಹಾಯುದ್ಧದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸೇನಾದಳ, ಅವತ್ತು ಅದರ ನೆನಪಿನ ದಿನ.

ಪದಕ ಬಲಗಡೆ ಯಾಕೆ ಅನ್ನೋದು ಆಮೇಲೆ ತಿಳಿಯಿತು. ತಾನೇ ಗಳಿಸಿದ್ದಾದರೆ ಎಡಗಡೆ ಹಾಕಿಕೊಳ್ಳಬೇಕು. ಅಪ್ಪನದೋ ತಾತನದೋ ಆದರೆ ಬಲಗಡೆ. ಅಂದರೆ ಆ ಅಜ್ಜ ಹಾಕಿಕೊಂಡಿದ್ದು ಅವರ ಮನೆಯಲ್ಲಿ ಇನ್ಯಾರೋ ಪಟ್ಟ ಕಷ್ಟದ ಗುರುತು. ಆ ವರ್ಷ ಬೇರೆ ಗಲಿಪೊಲಿ ಯುದ್ಧಕ್ಕೆ ಸರಿಯಾಗಿ ನೂರು ವರ್ಷ ತುಂಬಿತ್ತು. ಟಿವಿ ಹಾಕಿದರೆ ಅದೇ, ಪೇಪರ್ ತೆಗೆದರೆ ಅದೇ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1915ರ ಏಪ್ರಿಲ್ 25ರ ನಸುಕಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಟರ್ಕಿಯ ಗಲಿಪೊಲಿ ಕಡಲತೀರದಲ್ಲಿ ಇಳಿದರು. ಡಾರ್ಡನೆಲ್ಸ್ ಜಲಸಂಧಿಯನ್ನು ಹಿಡಿದು ಇಸ್ತಾಂಬುಲ್ ತಲುಪಬೇಕು ಅನ್ನೋದು ಬ್ರಿಟಿಷರ ಲೆಕ್ಕ. ಎಂಟು ತಿಂಗಳು ಆ ಗುಡ್ಡಗಳಿಗೆ ಅಂಟಿಕೊಂಡು ಕೂತರು, ಮುಂದಕ್ಕೆ ಹೋಗಲು ಆಗಲೇ ಇಲ್ಲ. ಡಿಸೆಂಬರಿನಲ್ಲಿ ರಾತ್ರೋರಾತ್ರಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಅಷ್ಟರಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಆಸ್ಟ್ರೇಲಿಯನ್ನರು ಸತ್ತಿದ್ದರು. ಇಡೀ ಮೊದಲ ಮಹಾಯುದ್ಧದಲ್ಲಿ ಸತ್ತವರು 60 ಸಾವಿರಕ್ಕೂ ಹೆಚ್ಚು. ಆಗ ಈ ದೇಶದ ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಹೆಣಗಳನ್ನು ಊರಿಗೆ ತರಲಿಲ್ಲ, ಸತ್ತಲ್ಲೇ ಮಣ್ಣು ಮಾಡಿದರು. ಅದಕ್ಕೇ ಇಲ್ಲಿ ಎಷ್ಟು ಸಣ್ಣ ಊರಿಗೆ ಹೋದರೂ ಮುಖ್ಯರಸ್ತೆಯಲ್ಲಿ ಒಂದು ಕಲ್ಲಿನ ಕಂಬ, ಅದರ ಮೇಲೆ ಹೆಸರುಗಳ ಸಾಲು. ಒಂದೇ ಅಡ್ಡಹೆಸರು ಮೂರು ಸಲ ಬಂದಿರುತ್ತದೆ, ಅಣ್ಣತಮ್ಮಂದಿರೇ ಇರಬೇಕು. ಬಲ್ಲರಾಟ್ ಊರಿನಲ್ಲಿ ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಮರದಂತೆ 20 ಕಿಲೋಮೀಟರಿಗೂ ಉದ್ದ ಸಾಲುಮರ ನೆಟ್ಟಿದ್ದಾರೆ. ನೆಟ್ಟಿದ್ದು ಅಲ್ಲಿನ ಒಂದು ಬಟ್ಟೆ ಕಾರ್ಖಾನೆಯ ಹುಡುಗಿಯರು. ಕಾರಿನಲ್ಲಿ ಹೋದರೂ ಮುಗಿಯುವುದೇ ಇಲ್ಲ ಆ ಸಾಲು.

ಸೋತ ಯುದ್ಧವನ್ನು ಇಷ್ಟು ದೊಡ್ಡದಾಗಿ ಆಚರಿಸುತ್ತಾರಲ್ಲ ಅಂತ ಮೊದಲು ಆಶ್ಚರ್ಯವಾಗಿತ್ತು. ಆಮೇಲೆ ನನಗೇ ಅನ್ನಿಸಿತು, ಕಿತ್ತೂರು ಚೆನ್ನಮ್ಮ ಗೆದ್ದು ಕೊನೆಗೆ ಸೆರೆಮನೆಯಲ್ಲಿ ಸತ್ತಳು, ರಾಯಣ್ಣನನ್ನು ಗಲ್ಲಿಗೆ ಹಾಕಿದರು, ನಾವು ನೆನೆಯುವುದೂ ಸೋತವರನ್ನೇ ಅಲ್ವಾ. ವ್ಯತ್ಯಾಸ ಒಂದಿದೆ. ಅವರು ತಮ್ಮ ನೆಲಕ್ಕಾಗಿ ಹೋರಾಡಿದರು. ಇವರು ಇನ್ಯಾರದೋ ದೊರೆಗಾಗಿ ಇನ್ಯಾರದೋ ನೆಲಕ್ಕೆ ಹೋಗಿ ಇಳಿದರು. ಈ ಮಾತನ್ನು ಇಲ್ಲಿಯವರೇ ಎಷ್ಟೋ ಜನ ಹೇಳುತ್ತಾರೆ, ಹೇಳಿಯೂ ಬೆಳಿಗ್ಗೆ ನಾಲ್ಕಕ್ಕೆ ಅಲಾರಂ ಇಟ್ಟುಕೊಳ್ಳುತ್ತಾರೆ.

ನಾನು ಮೊದಲ ಸಲ ಅಲಾರಂ ಇಟ್ಟಿದ್ದು 2016ರಲ್ಲಿ. ಪಕ್ಕದ ಮನೆಯ ಅಜ್ಜಿ ಕರೆದಿದ್ದರು. ನಸುಕಿನಲ್ಲಿ ಸೇರಿ ಸತ್ತವರನ್ನು ನೆನೆಯುವುದು, ಅದನ್ನು ಡಾನ್ ಸರ್ವಿಸ್ ಅನ್ನುತ್ತಾರೆ. ಏಪ್ರಿಲ್ ಕೊನೆ ಅಂದರೆ ಇಲ್ಲಿ ಚಳಿ ಶುರುವಾಗುವ ಹೊತ್ತು. ಕತ್ತಲಲ್ಲಿ ಸಾವಿರಾರು ಜನ, ಹೆಗಲ ಮೇಲೆ ನಿದ್ದೆ ಹೋದ ಮಕ್ಕಳು, ಕೋಟಿಗೆ ಸಿಕ್ಕಿಸಿಕೊಂಡ ರೋಸ್ಮರಿ ಕಡ್ಡಿ. ಗಲಿಪೊಲಿಯ ಗುಡ್ಡಗಳಲ್ಲಿ ರೋಸ್ಮರಿ ಕಾಡುಗಿಡದಂತೆ ಬೆಳೆಯುತ್ತದಂತೆ, ಅದಕ್ಕೆ ಅದು. ಭಾಷಣ ಜಾಸ್ತಿ ಇರಲಿಲ್ಲ. ನಾಲ್ಕು ಸಾಲಿನ ಒಂದು ಪದ್ಯ ಓದಿದರು. 'ಲೆಸ್ಟ್ ವಿ ಫರ್ಗೆಟ್', ಮರೆಯದಿರೋಣ ಅಂತ ಎಲ್ಲರೂ ಮೆಲ್ಲಗೆ ಅಂದರು. ಆಮೇಲೆ ಬ್ಯೂಗಲ್ಲಿನಲ್ಲಿ ಲಾಸ್ಟ್ ಪೋಸ್ಟ್, ಸತ್ತ ಸೈನಿಕರಿಗಾಗಿ ಊದುವ ರಾಗ. ಊದುತ್ತಿದ್ದ ಹುಡುಗನಿಗೆ ಹದಿನಾರು ಹದಿನೇಳು ವರ್ಷ ಇರಬಹುದು, ಚಳಿಗೆ ತುಟಿ ಮರಗಟ್ಟಿತ್ತೋ ಏನೋ, ಮಧ್ಯದಲ್ಲಿ ಒಂದು ಸ್ವರ ಒಡೆಯಿತು. ಯಾರೂ ಅಲುಗಾಡಲಿಲ್ಲ. ಆಮೇಲೆ ಮೌನ. ಯಾವುದೋ ಮಗು ಕೆಮ್ಮಿತು. ಮ್ಯಾಗ್ಪೈ ಹಕ್ಕಿಗಳು ಆಗಲೇ ಹಾಡಲು ಶುರು ಮಾಡಿದ್ದವು.

ಅಷ್ಟಾಗಿದ್ದೇ ತಡ, ಎಲ್ಲರೂ ಆರ್‌ಎಸ್‌ಎಲ್ ಕ್ಲಬ್ಬಿಗೆ ಹೊರಟರು. ಮಾಜಿ ಸೈನಿಕರ ಸಂಘದ ಕ್ಲಬ್ಬು ಅದು, ಇಂಥವು ದೇಶದ ತುಂಬ ಇವೆ. ಏಳು ಗಂಟೆಗೆ ಬೇಕನ್ ಅನ್ನುವ ಹಂದಿಮಾಂಸ, ಮೊಟ್ಟೆ, ಕಾಫಿ. ಕಾಫಿಗೆ ರಮ್ ಬೇಕಾ ಅಂತ ಕೇಳುತ್ತಾರೆ! ಗನ್‌ಫೈರ್ ಬ್ರೇಕ್‌ಫಾಸ್ಟ್ ಅಂತ ಅದಕ್ಕೊಂದು ಹೆಸರು ಬೇರೆ. ಮಧ್ಯಾಹ್ನವಾದರೆ ಹಿತ್ತಲಲ್ಲಿ ಜೂಜು. ಟೂ-ಅಪ್ ಅಂತ, ಕಂದಕಗಳಲ್ಲಿ ಕೂತ ಸೈನಿಕರು ಆಡುತ್ತಿದ್ದ ಆಟ. ಕಿಪ್ ಅನ್ನುವ ಸಣ್ಣ ಹಲಗೆಯ ಮೇಲೆ ಹಳೇ ಪೆನ್ನಿ ನಾಣ್ಯ ಎರಡನ್ನಿಟ್ಟು ಮೇಲಕ್ಕೆ ಚಿಮ್ಮುತ್ತಾರೆ. ಎರಡೂ ಹೆಡ್ ಬಿತ್ತೋ, ಎರಡೂ ಟೇಲ್ ಬಿತ್ತೋ, ಅದರ ಮೇಲೆ ಬಾಜಿ. ಒಂದು ಅದು ಒಂದು ಇದು ಆದರೆ ಮತ್ತೆ ಚಿಮ್ಮಬೇಕು. ಸುತ್ತ ನಿಂತವರು ಡಾಲರ್ ನೋಟನ್ನು ತಲೆ ಮೇಲೆ ಹಿಡಿದು ಜೊತೆಗಾರನನ್ನು ಹುಡುಕಿಕೊಂಡು ಕೂಗುತ್ತಿರುತ್ತಾರೆ. ವರ್ಷದ ಹೆಚ್ಚಿನ ದಿನಗಳಲ್ಲಿ ಹೀಗೆ ಆಡಿದರೆ ಕಾನೂನು ಒಪ್ಪುವುದಿಲ್ಲ, ಆನ್‌ಜಾಕ್ ದಿನಕ್ಕೆ ವಿನಾಯಿತಿ. ನಾನು 20 ಡಾಲರ್ ಕಳೆದುಕೊಂಡೆ. ನಮ್ಮನೆಯವರಿಗೆ ಹತ್ತು ಅಂತ ಹೇಳಿದ್ದೇನೆ.

ಸಂಜೆ ಟಿವಿಯಲ್ಲಿ ಫುಟ್‌ಬಾಲ್. ಇಲ್ಲಿಯ ಫುಟ್‌ಬಾಲ್ ಅಂದರೆ ಕೈಯಲ್ಲೂ ಹಿಡಿಯುವ, ಮೊಟ್ಟೆಯಾಕಾರದ ಚೆಂಡಿನ ಫೂಟಿ. 1995ರಿಂದ ಎಂಸಿಜಿಯಲ್ಲಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಆನ್‌ಜಾಕ್ ದಿನ ಕಾಲಿಂಗ್‌ವುಡ್ ಮತ್ತು ಎಸೆಂಡನ್ ತಂಡಗಳು ಆಡುತ್ತವೆ. ಮೊದಲ ವರ್ಷದ ಪಂದ್ಯ ಸರಿಸಮ ಆಯಿತಂತೆ, 111ಕ್ಕೆ 111. ಒಂದು ವರ್ಷ ನಾವೂ ಹೋಗಿದ್ದೆವು. ಕಡಲೆಕಾಯಿ ತಿನ್ನುತ್ತಾ, ಅಂಪೈರನ್ನು ಬೈಯಲು ಗಂಟಲು ಸರಿಮಾಡಿಕೊಳ್ಳುತ್ತಾ ಕೂತ ತೊಂಬತ್ತು ಸಾವಿರ ಜನ ಆಟಕ್ಕೆ ಮೊದಲು ಊದುವ ಬ್ಯೂಗಲ್ಲಿಗೆ ಎದ್ದು ನಿಂತು ತೆಪ್ಪಗಾದರೆ ಬಾವುಟದ ಹಗ್ಗ ಕಂಬಕ್ಕೆ ಬಡಿಯುವುದೂ ಕೇಳುತ್ತದೆ. ಅದು ಮುಗಿದ ಮರುಕ್ಷಣ ಎಂಥ ಗದ್ದಲ ಅಂತೀರಿ!

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಇದು ಸರಿ ಕಾಣಲಿಲ್ಲ. ಬೆಳಿಗ್ಗೆ ಕಣ್ಣೊರೆಸಿಕೊಂಡವರು ಮಧ್ಯಾಹ್ನ ಬಿಯರ್ ಹಿಡಿದು ಜೂಜಾಡುತ್ತಾರಲ್ಲ, ಇದೇನು ಶ್ರದ್ಧೆ ಅಂತ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ, 'ನಿಮ್ಮ ತಾತನ ತಿಥಿಯಲ್ಲಿ ಏನಾಗುತ್ತೆ ಮತ್ತೆ' ಅಂದರು. ಹೌದಲ್ಲ! ಹನ್ನೆರಡು ಗಂಟೆವರೆಗೆ ಮಡಿ, ಪಿಂಡ, ಎಳ್ಳುನೀರು. ಎಲೆ ಹಾಕಿದ ಮೇಲೆ ವಡೆ, ಆಂಬೊಡೆ, ಪಾಯಸ. ಊಟವಾದ ಮೇಲೆ ಚಿಕ್ಕಪ್ಪಂದಿರು ಹಜಾರದಲ್ಲಿ ಮಲಗಿ ತಾತನ ಗೊರಕೆಯನ್ನು ಅಣಕಿಸುತ್ತಾರೆ, ಅವರು ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದದ್ದನ್ನು ಹೇಳಿಕೊಂಡು ನಗುತ್ತಾರೆ, ಆಮೇಲೆ ಇಸ್ಪೀಟೂ ಹೊರಗೆ ಬರುತ್ತದೆ. ತಾತನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಹಜಾರದಲ್ಲಿ ಕೇಳಿದ್ದು. ಮಂತ್ರದಲ್ಲಿ ತಾತನ ಹೆಸರು, ಗೋತ್ರ ಬಿಟ್ಟರೆ ಇನ್ನೇನೂ ಇರಲಿಲ್ಲ.

ತಿಂಡಿ ವಿಷಯ ಬಂದಿದ್ದಕ್ಕೆ ಆನ್‌ಜಾಕ್ ಬಿಸ್ಕತ್ತಿನ ಮಾತು ಹೇಳಲೇಬೇಕು. ಓಟ್ಸ್, ಮೈದಾ, ಸಕ್ಕರೆ, ತೆಂಗಿನತುರಿ, ಬೆಣ್ಣೆ, ಗೋಲ್ಡನ್ ಸಿರಪ್, ಚಿಟಿಕೆ ಅಡುಗೆ ಸೋಡಾ. ಮೊಟ್ಟೆ ಇಲ್ಲ, ಹಾಗಾಗಿ ಬಹಳ ದಿನ ಕೆಡುವುದಿಲ್ಲ, ನಮ್ಮ ಮನೆಗೂ ಧಾರಾಳವಾಗಿ ಒಗ್ಗಿತು. ಆನ್‌ಜಾಕ್ ಅನ್ನುವ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಆ ಹೆಸರಿಟ್ಟು ಮಾರುವವರು ಬಿಸ್ಕತ್ತು ಅನ್ನಬೇಕು, ಕುಕೀ ಅನ್ನುವಂತಿಲ್ಲ. ಹಳೇ ರುಚಿಯನ್ನೂ ತೀರಾ ಬದಲಾಯಿಸುವಂತಿಲ್ಲ. ನಾನು ಒಂದು ಸಲ ಸಿರಪ್ ಬದಲು ಜೋನಿಬೆಲ್ಲ ಹಾಕಿ ಮಾಡಿದೆ. ಮನೆಯೊಳಗೇ ತಿಂದೆವು, ಪೊಲೀಸರು ಬರಲಿಲ್ಲ.

2020ರಲ್ಲಿ ಕೊರೊನಾ. ಎಲ್ಲೂ ಗುಂಪು ಸೇರುವಂತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಅವರವರ ಮನೆಮುಂದಿನ ಡ್ರೈವ್‌ವೇಯಲ್ಲಿ ಮೇಣದಬತ್ತಿ ಹಿಡಿದು ನಿಲ್ಲಿ ಅಂದರು. ಮೂರು ವಾರದ ಹಿಂದೆ ಬೆಂಗಳೂರಿನಲ್ಲಿ ಅಪ್ಪ ಅಮ್ಮ ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲಿ ದೀಪ ಹಚ್ಚಿ ಫೋಟೋ ಕಳಿಸಿದ್ದರು, ಈಗ ನಮ್ಮ ಸರದಿ. ಮೇಣದಬತ್ತಿ ಇರಲಿಲ್ಲ, ಕಾಮಾಕ್ಷಿ ದೀಪವನ್ನೇ ತಂದೆ. ಗಾಳಿಗೆ ಆರದಂತೆ ಕೈ ಅಡ್ಡ ಹಿಡಿದು ನಿಂತೆ. ಬೀದಿಯ ಆ ತುದಿವರೆಗೂ ಸಣ್ಣ ಸಣ್ಣ ಬೆಳಕು. ಅಷ್ಟು ವರ್ಷ ಆ ಬೀದಿಯಲ್ಲಿದ್ದೂ ಅರ್ಧ ಜನರ ಮುಖ ನೋಡಿರಲಿಲ್ಲ, ಅವತ್ತೂ ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲ. ಎದುರು ಮನೆಯವರು ಫೋನಿನಲ್ಲಿ ಬ್ಯೂಗಲ್ ಹಾಕಿದರು, ಮಧ್ಯೆ ಜಾಹೀರಾತು ಬಂತು. ಯಾರೋ ಕಿಸಕ್ಕೆಂದರು, ಎಲ್ಲರೂ ನಕ್ಕೆವು, ಮತ್ತೆ ಮೊದಲಿನಿಂದ ಹಾಕಿದರು.

ಮೆಲ್ಬರ್ನಿಗೆ ಬಂದವರನ್ನು ನಾನು ತಪ್ಪದೆ ಕರೆದುಕೊಂಡು ಹೋಗುವ ಜಾಗ ಶ್ರೈನ್ ಆಫ್ ರಿಮೆಂಬ್ರೆನ್ಸ್. 1934ರಲ್ಲಿ ತೆರೆದ ಸ್ಮಾರಕ. ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ, ಅಂದರೆ ಆ ಯುದ್ಧ ನಿಂತ ಹೊತ್ತಿಗೆ, ಚಾವಣಿಯ ಕಿಂಡಿಯಿಂದ ಬಿಸಿಲಕೋಲು ಬಂದು ನೆಲದ ಕಲ್ಲಿನಲ್ಲಿ ಕೆತ್ತಿದ 'ಲವ್' ಅನ್ನುವ ಪದವನ್ನು ಮುಟ್ಟುವಂತೆ ಕಟ್ಟಿದ್ದಾರೆ. ಗವಿಪುರದ ಗಂಗಾಧರೇಶ್ವರನಿಗೆ ಸಂಕ್ರಾಂತಿಯ ಬಿಸಿಲು ಬೀಳುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ತಮಾಷೆ ಏನೆಂದರೆ, ಆಮೇಲೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಬಂತು, ಸೂರ್ಯ ಒಂದು ಗಂಟೆ ಲೇಟಾದ! ಅದಕ್ಕೆ ಕನ್ನಡಿ ಇಟ್ಟು ಬಿಸಿಲನ್ನು ಸರಿಯಾದ ಹೊತ್ತಿಗೆ ತರಿಸುತ್ತಿದ್ದಾರೆ. ನವೆಂಬರ್ 11ಕ್ಕೆ ರಜೆ ಇಲ್ಲ ಮಾತ್ರ. ಅದರ ಹಿಂದುಮುಂದಲ್ಲೇ ಮೆಲ್ಬರ್ನ್ ಕಪ್ ಬರುತ್ತದೆ, ನವೆಂಬರಿನ ಮೊದಲ ಮಂಗಳವಾರ. ಆ ಕುದುರೆ ಓಟಕ್ಕೆ ಊರಿಗೂರೇ ರಜೆ. ಯುದ್ಧ ನಿಂತ ದಿನಕ್ಕೆ ಆಫೀಸಿನ ಮೀಟಿಂಗಿನ ನಡುವೆ ಒಂದು ನಿಮಿಷ.

ಎಲ್ಲವೂ ಚೆಂದ ಅಂತಲ್ಲ. ಮೂಲನಿವಾಸಿ ಸೈನಿಕರೂ ಆ ಯುದ್ಧಕ್ಕೆ ಹೋಗಿದ್ದರು. ವಾಪಸು ಬಂದ ಬಿಳಿಯರಿಗೆ ಸರ್ಕಾರ ಜಮೀನು ಹಂಚಿದಾಗ ಮೂಲನಿವಾಸಿಗಳಲ್ಲಿ ಹೆಚ್ಚಿನವರಿಗೆ ಏನೂ ಸಿಗಲಿಲ್ಲ. 2025ರಲ್ಲಿ ಇದೇ ಶ್ರೈನಿನ ಮುಂಜಾವಿನ ಕತ್ತಲಲ್ಲಿ, ಆ ನೆಲದ ಮೂಲನಿವಾಸಿ ಹಿರಿಯರೊಬ್ಬರು ಸ್ವಾಗತದ ಮಾತಾಡುತ್ತಿದ್ದಾಗ ಒಂದು ಸಣ್ಣ ಗುಂಪು ಕಿರುಚಿ ಅಡ್ಡಿ ಮಾಡಿತು. ಉಳಿದ ಜನ ಚಪ್ಪಾಳೆ ತಟ್ಟಿ ಆ ಗುಂಪಿನ ದನಿಯನ್ನು ಮುಳುಗಿಸಿದರು. ಸುದ್ದಿ ಓದುವಾಗ ನನಗೆ ಕಿರುಚಿದವರಿಗಿಂತ ಆ ಚಪ್ಪಾಳೆಯ ಬಗ್ಗೆಯೇ ಯೋಚನೆ. ಮೌನವಾಗಿರಬೇಕಾದ ಜಾಗದಲ್ಲಿ ಚಪ್ಪಾಳೆ ತಟ್ಟಲೇಬೇಕಾದ ಹಾಗಾಯಿತಲ್ಲ ಅಂತ.

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಹೋಂವರ್ಕ್ ತಂದಳು. ನಿಮ್ಮ ಕುಟುಂಬದಲ್ಲಿ ಯುದ್ಧಕ್ಕೆ ಹೋದವರ ಬಗ್ಗೆ ಹತ್ತು ಸಾಲು ಬರೆಯಿರಿ. ನಮ್ಮ ಮನೆಯಲ್ಲಿ ಹೆಚ್ಚೆಂದರೆ ಗುಮಾಸ್ತರು, ಮೇಷ್ಟ್ರು. ಮೊದಲು ಅವಳಿಗೆ ಗಲಿಪೊಲಿಯಲ್ಲಿ ಭಾರತದವರೂ ಇದ್ದರು ಅಂತ ಹೇಳಿದೆ. ಸುಮಾರು 15 ಸಾವಿರ ಜನ. ಹೇಸರಗತ್ತೆಗಳ ಮೇಲೆ ನೀರು, ಮದ್ದುಗುಂಡು ಸಾಗಿಸಿದವರು, ಮೊದಲ ದಿನವೇ ಆಸ್ಟ್ರೇಲಿಯನ್ನರ ಜೊತೆ ಇಳಿದ ಪರ್ವತ ಫಿರಂಗಿ ದಳದವರು, ಸಿಖ್ಖರು, ಗೂರ್ಖರು. ಗಾಯಾಳುಗಳನ್ನು ಕತ್ತೆಯ ಮೇಲೆ ಹೊತ್ತು ತರುತ್ತಿದ್ದ ಸಿಂಪ್ಸನ್ ಅಂತ ಒಬ್ಬನ ಕಥೆ ಇಲ್ಲಿ ಪ್ರತಿ ಮಗುವಿಗೂ ಗೊತ್ತು. ಅವನು ಬಿಡಾರ ಹೂಡಿದ್ದು ಈ ಭಾರತೀಯರ ಪಕ್ಕದಲ್ಲೇ. ಮಗಳು ಎಲ್ಲ ಕೇಳಿ, 'ಅವರಲ್ಲಿ ಕನ್ನಡದವರು ಯಾರು' ಅಂದಳು.

ಅಪ್ಪನಿಗೆ ಫೋನ್ ಮಾಡಿದೆ. 'ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇಲ್ವೇನೇ, ಕಾಲೇಜಿಗೆ ದಿನಾ ಅದರ ಮುಂದೇ ಹೋಗ್ತಿದ್ದೆ' ಅಂದರು. ಹೋಗುತ್ತಿದ್ದೆ. ಬಸ್ಸಿನ ಕಿಟಕಿಯಿಂದ ನೋಡಿಯೂ ಇರಬೇಕು. ಏನು ಅಂತ ಒಂದು ಸಲವೂ ಕೇಳಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಕುದುರೆ ಮೇಲೆ, ಭರ್ಜಿ ಹಿಡಿದು ಗೆದ್ದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನವರೂ ಇದ್ದರು. ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದವರು ಅವರೇ. ಆ ಇಡೀ ಕುದುರೆ ಸೈನ್ಯಕ್ಕೆ, ಡೆಸರ್ಟ್ ಮೌಂಟೆಡ್ ಕೋರ್ ಅಂತ ಅದರ ಹೆಸರು, ದಂಡನಾಯಕ ಯಾರು ಗೊತ್ತಾ? ಹ್ಯಾರಿ ಶೋವೆಲ್, ಆಸ್ಟ್ರೇಲಿಯಾದವನು. ಮಗಳ ಹತ್ತು ಸಾಲು ಎರಡು ಪುಟ ಆಯಿತು. 'ಇವರು ನಮ್ಮ ಕುಟುಂಬದವರಲ್ಲ, ತಾತನ ಬಸ್ ಸ್ಟಾಪಿನ ಹತ್ತಿರದವರು' ಅಂತ ಅವಳೇ ಕೊನೆಗೆ ಸೇರಿಸಿದಳು.

ಮುಂದಿನ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬೆಳಿಗ್ಗೆ ಏಳಕ್ಕೆ ಮೂವರೂ ಅಲ್ಲಿಗೆ ಹೋದೆವು. ಅಪ್ಪನ ತಲೆಗೆ ಮಂಕಿ ಕ್ಯಾಪ್. 'ತಾತ, ಟೋಪಿ ತೆಗೀಬೇಕು, ಒಂದು ನಿಮಿಷ ಮಾತಾಡಬಾರದು' ಅಂದಳು ಮಗಳು. ಚಳಿ, ಶೀತ ಆಗುತ್ತೆ ಅಂತ ಗೊಣಗಿಕೊಂಡೇ ತೆಗೆದರು. ಮಗಳು ವಾಚು ನೋಡುತ್ತಾ ನಿಂತಳು. ಆಟೋಗಳು, ಬಿಎಂಟಿಸಿ ಬಸ್ಸು, ಹಾರ್ನಿನ ಮೇಲೆ ಹಾರ್ನು. ನಲವತ್ತು ಸೆಕೆಂಡ್ ಆಗಿತ್ತೇನೋ, 'ಆಯ್ತಾ?' ಅಂದರು ಅಪ್ಪ. ಇನ್ನೂ ಇಲ್ಲ ಅಂತ ಅವಳು ಕೈಸನ್ನೆ ಮಾಡಿದಳು. ಆಮೇಲೆ ಹತ್ತಿರದ ದರ್ಶಿನಿಗೆ ಹೋಗಿ ಕಾಫಿ ಕುಡಿದೆವು. ಉದ್ದಿನವಡೆ ಬಿಸಿ ಇತ್ತು. ಅಪ್ಪ ಎರಡು ತಿಂದರು.