ಮಲೆನಾಡಿನ ಮಳೆಯಲ್ಲಿ ಎಂಜಿನ್ ಬ್ಲಾಕಿಗೆ ಬಣ್ಣ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಜೀಪಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ ಮಾತ್ರ. ಕೊಯ್ಲು ಶುರುವಾದ ಮೇಲೆ ಹಣ್ಣು, ಕಣ, ಮೂಟೆ ಎಂದು ದಿನವೂ ಓಡಬೇಕಾದ ಗಾಡಿಯನ್ನು ಬಿಚ್ಚಿಹಾಕಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ನಮ್ಮ ಹಳೆಯ ಮಹೀಂದ್ರಾ ಸಿಜೆ 3ಬಿ ಜೀಪಿನ ಎಂಜಿನ್ ಓವರ್‌ಹಾಲಿಂಗ್ (ಪೂರ್ತಿ ಬಿಚ್ಚಿ ಮಾಡುವ ರಿಪೇರಿ) ಕೂಡ ಆಷಾಢದಲ್ಲಿಯೇ ನಡೆಯಿತು. ಹಾಸನದ ಲೇತ್ ಅಂಗಡಿಯಲ್ಲಿ ಸಿಲಿಂಡರುಗಳ ಒಳಮೈ (ಬೋರ್) ಕೊರೆಸಿಕೊಂಡು, ಬಿಸಿ ಕಾಸ್ಟಿಕ್ ನೀರಿನಲ್ಲಿ ಕರಿ ಕಳೆದುಕೊಂಡು, ಬೇಲೂರು ಮಾರ್ಗವಾಗಿ ಮನೆಗೆ ಬರುವಷ್ಟರಲ್ಲಿ ಬ್ಲಾಕಿನ, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಒಡಲಿನ, ಹೊರಮೈ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಮೂಡಿತ್ತು. ಎಣ್ಣೆಯ ಪಸೆ ಪೂರ್ತಿ ಹೋದ ಬೀಡು ಕಬ್ಬಿಣ ಈ ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯುತ್ತದೆ. ಬಣ್ಣ ನಿಲ್ಲಬೇಕಾದರೆ ಅದೇ ಪಸೆ ಒಂದಿಷ್ಟೂ ಇರಕೂಡದು. ಇಡೀ ಕೆಲಸದ ಇಕ್ಕಟ್ಟು ಇರುವುದು ಇಲ್ಲಿಯೇ.

ನಮ್ಮ ಕಡೆ ಎಂಜಿನ್ ತೊಳೆಯುವುದೆಂದರೆ ಸೀಮೆಎಣ್ಣೆ ಅಥವಾ ಡೀಸೆಲ್ ಎಂದೇ ಲೆಕ್ಕ. ಕರಿ ಬಿಡಿಸಲು ಎರಡೂ ಒಳ್ಳೆಯವೇ, ಆದರೆ ತಾವೇ ಒಂದು ತೆಳು ಪೊರೆಯನ್ನು ಬಿಟ್ಟುಹೋಗುತ್ತವೆ. ಅದರ ಮೇಲೆ ಬಳಿದ ಬಣ್ಣ ಎಂಜಿನ್ ಕಾದು ತಣಿದು ಆಗುತ್ತಿದ್ದಂತೆ ಹಾಳೆಹಾಳೆಯಾಗಿ ಏಳುತ್ತದೆ. ಆದ್ದರಿಂದ ಬ್ಲಾಕನ್ನು ಬಿಸಿನೀರು ಮತ್ತು ಸೋಪಿನ ಪುಡಿಯಿಂದ ಒಳಗೂ ಹೊರಗೂ ತಿಕ್ಕಿ ತೊಳೆದು, ಆಯಿಲ್ ಹರಿಯುವ ರಂಧ್ರಗಳಿಗೆಲ್ಲ ಉದ್ದನೆಯ ಬ್ರಷ್ ಹಾಯಿಸಿ, ಕಂಪ್ರೆಸರ್ ಗಾಳಿಯಿಂದ ಒಣಗಿಸಿದ ತಕ್ಷಣ ಬೋರುಗಳಿಗೆ ಬಟ್ಟೆಯಲ್ಲಿ ಎಂಜಿನ್ ಆಯಿಲ್ ಸವರಿ ಬಾಯಿ ಮುಚ್ಚಿದೆವು. ಹೊರಮೈಗೆ ವೈರ್ ಬ್ರಷ್, ಉಪ್ಪು ಕಾಗದ, ಕೊನೆಗೆ ಥಿನ್ನರ್. ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆ ಬಿಳಿಯಾಗಿಯೇ ಹಿಂದಿರುಗುವವರೆಗೆ ಒರೆಸಬೇಕು. ನನ್ನ ಮಟ್ಟಿಗೆ ಬಣ್ಣದ ಕೆಲಸದ ಮುಕ್ಕಾಲು ಪಾಲು ಇಲ್ಲಿಗೇ ಮುಗಿಯಿತು.

ಉಳಿದದ್ದರಲ್ಲಿ ತಾಳ್ಮೆ ಬೇಡುವುದು ಟೇಪ್ ಹಚ್ಚುವ ಕೆಲಸ. ಹೆಡ್ (ಸಿಲಿಂಡರುಗಳ ಮೇಲ್ಮುಚ್ಚಳ) ಕೂರುವ ಮುಖ, ಆಯಿಲ್ ಸಂಪ್ ಮುಖ, ವಾಟರ್ ಪಂಪ್ ಮುಖ, ಹೀಗೆ ಸೋರದಂತೆ ನಡುವೆ ಇಡುವ ಪ್ಯಾಕಿಂಗ್ ಕೂರುವಲ್ಲೆಲ್ಲ ಬಣ್ಣ ನಿಷಿದ್ಧ. ಪ್ಯಾಕಿಂಗಿನ ಅಡಿಯಲ್ಲಿ ಸಿಕ್ಕ ಬಣ್ಣ ಶಾಖಕ್ಕೆ ಮೆತ್ತಗಾಗಿ ಬೋಲ್ಟುಗಳ ಬಿಗಿ ಸಡಿಲುತ್ತದೆ, ಅಲ್ಲಿಂದಲೇ ಸೋರಿಕೆ ಶುರುವಾಗುತ್ತದೆ. ಟೇಪನ್ನು ಅಂಚಿನಿಂದ ಹೊರಚಾಚುವಂತೆ ಅಂಟಿಸಿ, ಚಿಕ್ಕ ಸುತ್ತಿಗೆಯ ಗುಂಡುತಲೆಯಿಂದ ಅಂಚಿನುದ್ದಕ್ಕೂ ಹಗುರವಾಗಿ ತಟ್ಟುತ್ತ ಹೋದರೆ ಕಬ್ಬಿಣದ ಅಂಚೇ ಟೇಪನ್ನು ಕತ್ತರಿಸಿಕೊಡುತ್ತದೆ, ಬ್ಲೇಡಿನ ಗೊಡವೆಯಿಲ್ಲ. ಅರ್ಥ್ ಪಟ್ಟಿ ಮತ್ತು ಸ್ಟಾರ್ಟರ್ ಕೂರುವ ಜಾಗಗಳನ್ನೂ ಬರಿಯಾಗಿ ಬಿಡಬೇಕು, ಏಕೆಂದರೆ ಸ್ಟಾರ್ಟರಿನ ಕರೆಂಟು ಹಿಂದಿರುಗುವುದು ಅದರ ಮೈಯಿಂದಲೇ. ಎಂಜಿನ್ ನಂಬರಿನ ಮೇಲೆ ನಾನು ಬಣ್ಣವನ್ನು ಹೆಸರಿಗಷ್ಟೇ ಹಾಯಿಸಿದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ನಂಬರು ಓದಲು ಬಾರದಿದ್ದರೆ ಉತ್ತರ ಹೇಳಬೇಕಾದವನು ಮಾಲೀಕನೇ ಹೊರತು ಪೇಂಟರ್ ಅಲ್ಲ.

ಬಣ್ಣ ಯಾವುದು ಎಂಬುದರ ಬಗ್ಗೆ ನಮ್ಮ ಮೆಕ್ಯಾನಿಕ್ಕಿಗೂ ನನಗೂ ಸಣ್ಣ ಜಗಳವೇ ನಡೆಯಿತು. ಅವನಿಗೆ ಕೆಂಪು ಬೇಕು, ಬಾನೆಟ್ ಎತ್ತಿದರೆ ಕಣ್ಣಿಗೆ ರಾಚಬೇಕು. ನಾನು ತಿಳಿ ಬೂದು ಬಣ್ಣಕ್ಕೇ ಪಟ್ಟು ಹಿಡಿದೆ. ಬೂದು ಮೈಮೇಲೆ ಆಯಿಲಿನ ಒಂದು ಎಳೆ ಇಳಿದರೂ ಎಲ್ಲಿಂದ ಹೊರಟಿತು ಎಂಬುದು ಟಾರ್ಚ್ ಹಾಕಿದೊಡನೆ ಕಾಣುತ್ತದೆ. ಕಪ್ಪು ಅಥವಾ ಕಡುಗೆಂಪು ಬಳಿದರೆ ಸೋರಿಕೆ ಕಾಣುವ ಹೊತ್ತಿಗೆ ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಅರ್ಧಕ್ಕೆ ಇಳಿದಿರುತ್ತದೆ. ತೋಟದ ಕೆಸರು ಹೇಗೂ ಯಾವ ಬಣ್ಣವನ್ನೂ ಬಹುದಿನ ಉಳಿಯಗೊಡುವುದಿಲ್ಲ.

ನೀರು ಓಡಾಡುವ ಬ್ಲಾಕಿನ ಹೊರಮೈ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಇರುವುದರಿಂದ ಒಳ್ಳೆಯ ಎಂಜಿನ್ ಎನಾಮೆಲ್ ಧಾರಾಳವಾಗಿ ತಾಳುತ್ತದೆ. ಆದರೆ ಈ ಜೀಪಿನ ಹರಿಕೇನ್ ಎಂಜಿನ್ನಿನಲ್ಲಿ ಒಂದು ವಿಶೇಷವಿದೆ: ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿದ್ದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿಯೇ ಇದೆ. ಅಂದರೆ ಆ ಬಿಸಿ ಹೊಗೆಯನ್ನು ಕೂಡಿಸಿ ಒಯ್ಯುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಕೂರುವುದೂ ಬ್ಲಾಕಿಗೇ, ಆ ಬದಿಯ ಬಾಯಿಗಳ ಸುತ್ತ ಶಾಖವೂ ಹೆಚ್ಚು. ಅಷ್ಟು ಭಾಗಕ್ಕೆ 600 ಡಿಗ್ರಿಯವರೆಗೆ ತಾಳುವ ಸಿಲಿಕೋನ್ ಆಧಾರಿತ ಅಲ್ಯೂಮಿನಿಯಂ ಬಣ್ಣ ಹಚ್ಚಿದೆವು.

ಇನ್ನು ಮಳೆಯ ಸಂಗತಿ. ಸ್ಪ್ರೇಯ ಥಿನ್ನರ್ ಆರುವಾಗ ಮೈಯನ್ನು ತಣ್ಣಗಾಗಿಸುವುದರಿಂದ ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂತು, ಬಣ್ಣ ಬೂಷ್ಟು ಹಿಡಿದಂತೆ ಬಿಳಿಚಿಕೊಳ್ಳುತ್ತದೆ. ಅದಕ್ಕಾಗಿ ಹಿಂದಿನ ರಾತ್ರಿಯಿಡೀ ಬ್ಲಾಕಿನ ಅಡಿಯಲ್ಲಿ ಹ್ಯಾಲೊಜೆನ್ ದೀಪ ಉರಿಸಿ, ಕೈಯಿಟ್ಟರೆ ಬೆಚ್ಚಗಿರುವಷ್ಟು ಕಾಯಿಸಿ, ಬಣ್ಣ ಹೊಡೆಯುವ ಮುನ್ನ ದೀಪವನ್ನು ದೂರ ಸರಿಸಿದೆವು. ಥಿನ್ನರಿನ ಆವಿಯ ಹತ್ತಿರ ಬಿಸಿ ದೀಪ, ಒಲೆ, ಬೀಡಿ ಯಾವುದೂ ಇರಕೂಡದು. ಮೊದಲ ಸುತ್ತು ಕೇವಲ ಮಂಜಿನಷ್ಟು, ಕಬ್ಬಿಣ ಇನ್ನೂ ಇಣುಕುವಂತಿರಬೇಕು. ಒಂದು ಸುತ್ತು ತುಸು ಆರಿದ ಮೇಲೆ ಇನ್ನೊಂದು. ಒಂದೇ ಏಟಿಗೆ ದಪ್ಪಗೆ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ವಾಸನೆ ಮತ್ತು ಒಂದಿಷ್ಟು ಹೊಗೆ ಬಂದವು. ಅದು ಬಣ್ಣ ಕಾದು ಪಕ್ವವಾಗುವ ಲಕ್ಷಣ, ಗಾಬರಿಯಾಗಬೇಕಿಲ್ಲ. ಸ್ವಲ್ಪ ದಿನ ಓಡಿಸಿದ ಬಳಿಕ ಹೆಡ್ ನಟ್ಟುಗಳನ್ನು ಮತ್ತೆ ಬಿಗಿಯುವಾಗ ಸ್ಪ್ಯಾನರ್ ತಾಗಿ ಅಲ್ಲಲ್ಲಿ ಎದ್ದ ಬಣ್ಣಕ್ಕೆ ಉಳಿದದ್ದನ್ನು ಮುಚ್ಚಳಕ್ಕೆ ಸುರಿದುಕೊಂಡು ಸಣ್ಣ ಕುಂಚದಿಂದ ಹಚ್ಚಿದ್ದಾಯಿತು. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಮಾತ್ರ ಏನನ್ನೂ ಬಳಿಯಲಿಲ್ಲ. ಅದು ತುಕ್ಕು ಹಿಡಿದುಕೊಂಡೇ ಇರಲಿ ಎಂದು ಬಿಟ್ಟಿದ್ದೇನೆ, ಮೆಕ್ಯಾನಿಕ್ಕಿಗೆ ಅದೊಂದು ಕೊರಗು.