ಗೇಮ್ ಆಡಲು ಎರಡನೆಯ ಗ್ರಾಫಿಕ್ಸ್ ಕಾರ್ಡ್ ಬೇಕೆ?

ಕಾಫಿ ಕೊಯ್ಲು ಮುಗಿದು ಮನೆಗಳಲ್ಲಿ ಒಂದಿಷ್ಟು ಹಣ ಓಡಾಡತೊಡಗುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಮ್ಮ ಕೊಡಗಿನ ಹುಡುಗರು ನನ್ನನ್ನು ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ. ಈಗಿರುವ ಗ್ರಾಫಿಕ್ಸ್ ಕಾರ್ಡ್‌ನ ಪಕ್ಕದಲ್ಲಿ ಅದೇ ಮಾದರಿಯ ಇನ್ನೊಂದನ್ನು ಕೂರಿಸಿದರೆ ಗೇಮ್‌ನ ವೇಗ ಇಮ್ಮಡಿಯಾಗುವುದಿಲ್ಲವೆ ಎಂಬುದೇ ಆ ಪ್ರಶ್ನೆ. ಗೇಮ್ ಆಡುವುದೇ ಉದ್ದೇಶವಾಗಿದ್ದರೆ ಎರಡನೆಯ ಕಾರ್ಡ್ ಬೇಡ, ಆ ಹಣವನ್ನೂ ಸೇರಿಸಿ ಒಂದೇ ಒಳ್ಳೆಯ ಕಾರ್ಡ್ ಕೊಳ್ಳಿ ಎಂಬುದು ನನ್ನ ಉತ್ತರ. ಆದರೆ ಬೇಡ ಎಂದಷ್ಟೇ ಹೇಳಿ ಕಳುಹಿಸಿದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಎರಡು ಕಾರ್ಡ್‌ಗಳ ಜೋಡಣೆ ಒಂದು ಕಾಲದಲ್ಲಿ ನಿಜಕ್ಕೂ ಫಲ ಕೊಡುತ್ತಿತ್ತು. ಅದು ಏಕೆ ನಿಂತಿತೆಂದು ತಿಳಿದವರು ಹಳೆಯ ವಿಡಿಯೋಗಳನ್ನು ನೋಡಿ ಹಣ ಕಳೆದುಕೊಳ್ಳುವುದಿಲ್ಲ.

1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ 2 ಕಾರ್ಡ್‌ಗಳನ್ನು ಜೋಡಿಯಾಗಿ ಹಾಕಿದಾಗ ಪರದೆಯ ಒಂದು ಸಾಲನ್ನು ಒಂದು ಕಾರ್ಡ್, ಮುಂದಿನ ಸಾಲನ್ನು ಇನ್ನೊಂದು ಕಾರ್ಡ್ ಬಿಡಿಸುತ್ತಿದ್ದವು. ಒಂದೇ ಕಾರ್ಡ್ 800x600 ರೆಸಲ್ಯೂಷನ್‌ಗೆ ನಿಲ್ಲುತ್ತಿದ್ದ ಕಾಲದಲ್ಲಿ ಜೋಡಿ ಕಾರ್ಡ್‌ಗಳು 1024x768ಕ್ಕೆ ಏರುತ್ತಿದ್ದವು. ಮುಂದೆ 3ಡಿಎಫ್‌ಎಕ್ಸ್‌ನ ಆಸ್ತಿಯನ್ನು ಕೊಂಡ ಎನ್‌ವಿಡಿಯಾ 2004ರಲ್ಲಿ ಜಿಫೋರ್ಸ್ 6 ಸರಣಿಯೊಂದಿಗೆ ಆ ಜೋಡಣೆಗೆ ಹಿಂದೆ ಇದ್ದ ಎಸ್‌ಎಲ್‌ಐ ಎಂಬ ಹೆಸರನ್ನು ಮರಳಿ ತಂದಿತು. 2005ರಲ್ಲಿ, ಮುಂದೆ ಎಎಂಡಿಯ ಪಾಲಾದ ಎಟಿಐ ಕಂಪನಿಯ ಅಂಥದ್ದೇ ಜೋಡಣೆಯಾದ ಕ್ರಾಸ್‌ಫೈರ್ ಬಂದಿತು. ಎರಡು ಚಿಪ್‌ಗಳನ್ನು ಒಂದೇ ಬೋರ್ಡಿನ ಮೇಲೆ ಕೂರಿಸಿದ ಕಾರ್ಡ್‌ಗಳೂ ಬಂದವು. ಅವುಗಳಲ್ಲಿ 2014ರ ರೇಡಿಯಾನ್ ಆರ್9 295ಎಕ್ಸ್2 ಒಂದೇ 500 ವ್ಯಾಟ್ ಎಳೆಯುತ್ತಿತ್ತು, ಅದನ್ನು ತಣ್ಣಗಿಡಲು ಕಂಪನಿಯೇ ನೀರಿನ ಕೂಲರ್ ಅಳವಡಿಸಿ ಮಾರುತ್ತಿತ್ತು.

ಈ ಹೊಸ ಕಾಲದ ಜೋಡಣೆಗಳು ಸಾಲುಗಳನ್ನು ಹಂಚಿಕೊಳ್ಳುವುದನ್ನು ಬಿಟ್ಟು ಫ್ರೇಮ್‌ಗಳನ್ನು, ಅಂದರೆ ಪರದೆಯ ಇಡೀ ಚಿತ್ರಗಳನ್ನು, ಹಂಚಿಕೊಳ್ಳತೊಡಗಿದವು. ಒಂದನೆಯ ಫ್ರೇಮ್ ಮೊದಲ ಕಾರ್ಡಿಗೆ, ಎರಡನೆಯದು ಎರಡನೆಯ ಕಾರ್ಡಿಗೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ. ಲೆಕ್ಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಆದರೆ ತೊಂದರೆ ಇರುವುದು ಫ್ರೇಮ್‌ಗಳ ನಡುವಿನ ಅಂತರದಲ್ಲಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಚಿತ್ರ ಬರಬೇಕು. ಎರಡು ಕಾರ್ಡ್‌ಗಳ ಹೆಜ್ಜೆ ಹೊಂದದೆ ಒಂದು ಚಿತ್ರ 5 ಮಿಲಿಸೆಕೆಂಡಿಗೂ ಅದರ ನಂತರದ್ದು 28 ಮಿಲಿಸೆಕೆಂಡಿಗೂ ಬಂದರೆ, ಎರಡು ಚಿತ್ರಗಳಿಗೆ 33 ಮಿಲಿಸೆಕೆಂಡ್ ಆಯಿತು. ಪರದೆಯ ಮೂಲೆಯಲ್ಲಿರುವ ಅಂಕಿ ಆಗಲೂ 60 ಎಂದೇ ತೋರಿಸುತ್ತದೆ. ಕಣ್ಣು ಮಾತ್ರ ಆ 28ನ್ನು ಗುರುತಿಸುತ್ತದೆ.

ವಿರಾಜಪೇಟೆಯ ಗೆಳೆಯರೊಬ್ಬರ ಮನೆಯಲ್ಲಿ ಎರಡು ಜಿಟಿಎಕ್ಸ್ 970 ಹಾಕಿದ್ದ ಕಂಪ್ಯೂಟರ್ ಇತ್ತು. ಅದರಲ್ಲಿ ಕಾರ್ ಓಡಿಸುವ ಗೇಮ್ ಆಡುವಾಗ ದೂರದ ಬೆಟ್ಟ, ಆಕಾಶ ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದವು. ರಸ್ತೆಯ ಅಂಚಿನ ಬೇಲಿ ಕಂಬಗಳು ಮಾತ್ರ ಹರಿದುಹೋಗುವ ಬದಲು ಸಣ್ಣದಾಗಿ ಜಿಗಿಯುತ್ತಾ ಹೋಗುತ್ತಿದ್ದವು. ಫ್ರೇಮ್ ಎಣಿಸುವ ಅಂಕಿ ಅಲುಗಾಡದೆ ನಿಂತಿತ್ತು. ಸೆಟ್ಟಿಂಗ್‌ನಲ್ಲಿ ಎರಡನೆಯ ಕಾರ್ಡನ್ನು ನಿಲ್ಲಿಸಿ ಅದೇ ತಿರುವಿಗೆ ಮರಳಿದಾಗ ಅಂಕಿ ಕೆಳಗಿಳಿಯಿತು, ಆದರೆ ಕಂಬಗಳು ಒಂದೇ ಲಯದಲ್ಲಿ ಸರಿದುಹೋದವು. ಮೇಲಿನ ಸ್ಲಾಟಿನ ಕಾರ್ಡ್ ಕೆಳಗಿನದರ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತಿದ್ದುದರಿಂದ ಅದರ ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. 2013ರ ಹೊತ್ತಿಗೆ ಫ್ರೇಮ್‌ಗಳ ಅಂತರವನ್ನು ನಿಖರವಾಗಿ ಅಳೆಯುವ ಸಾಧನಗಳು ವಿಮರ್ಶಕರ ಕೈಗೆ ಬಂದ ಮೇಲೆ ಈ ದೋಷವನ್ನು ಅಲ್ಲಗಳೆಯುವಂತಿರಲಿಲ್ಲ. ಅದೇ ವರ್ಷ ಎಎಂಡಿ ಕಾರ್ಡನ್ನು ನಡೆಸುವ ತಂತ್ರಾಂಶವಾದ ತನ್ನ ಡ್ರೈವರ್‌ನಲ್ಲಿ ಅಂತರವನ್ನು ಸರಿದೂಗಿಸುವ ವ್ಯವಸ್ಥೆಯನ್ನು ತಂದಿತು. ಜಿಗಿತ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಜಿಗಿತವನ್ನು ಡ್ರೈವರ್ ಬರೆಯುವವರು ಹೇಗೋ ಹತೋಟಿಗೆ ತರಬಹುದಿತ್ತು. ಈ ವಿಧಾನದ ಬುಡವನ್ನೇ ಅಲುಗಾಡಿಸಿದ್ದು ಗೇಮ್‌ಗಳೇ ಬದಲಾದದ್ದು. ಇಂದಿನ ಗೇಮ್ ಒಂದು ಫ್ರೇಮನ್ನು ಶೂನ್ಯದಿಂದ ಬಿಡಿಸುವುದಿಲ್ಲ. ಅಂಚುಗಳನ್ನು ನುಣುಪು ಮಾಡುವ ಟಿಎಎ ಆಗಲಿ, ಕಡಿಮೆ ರೆಸಲ್ಯೂಷನ್‌ನ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ಆಗಲಿ ಹಿಂದಿನ ಫ್ರೇಮ್‌ಗಳ ಮಾಹಿತಿಯನ್ನು ಎದುರಿಗಿಟ್ಟುಕೊಂಡೇ ಮುಂದಿನದನ್ನು ಸಿದ್ಧಪಡಿಸುತ್ತವೆ. ಹಿಂದಿನ ಫ್ರೇಮ್ ಇರುವುದು ಇನ್ನೊಂದು ಕಾರ್ಡಿನ ಮೆಮೊರಿಯಲ್ಲಿ. ತೋಟದಲ್ಲಿ ಇಬ್ಬರು ಬೇರೆ ಬೇರೆ ಸಾಲು ಹಿಡಿದು ಹಣ್ಣು ಕೊಯ್ಯುವಂಥ ಕೆಲಸವಲ್ಲ ಇದು; ಒಬ್ಬರು ಮುಗಿಸಿದ್ದು ಕೈಗೆ ಬರುವವರೆಗೆ ಇನ್ನೊಬ್ಬರು ಆರಂಭಿಸುವಂತೆಯೇ ಇಲ್ಲ. ಹಾಗೆ ಕೈ ಬದಲಾಯಿಸುವ ದಾರಿಯೂ ಕಿರಿದು: ಜಿಟಿಎಕ್ಸ್ 1080ರ ಚಿಪ್ ತನ್ನದೇ ಮೆಮೊರಿಯೊಂದಿಗೆ ಸೆಕೆಂಡಿಗೆ 320 ಗಿಗಾಬೈಟ್ ವೇಗದಲ್ಲಿ ವ್ಯವಹರಿಸಿದರೆ, ಮದರ್‌ಬೋರ್ಡಿನಲ್ಲಿ ಕಾರ್ಡ್‌ಗಳಿಗಿರುವ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ 3.0ರ ಎಂಟು ಲೇನ್‌ಗಳ (ಸಮಾನಾಂತರ ಎಳೆಗಳ) ಮೂಲಕ ಪಕ್ಕದ ಕಾರ್ಡಿಗೆ ಸಾಗುವುದು ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಮಾತ್ರ. ಎಂಟೇ ಲೇನ್ ಏಕೆಂದರೆ, ಮನೆಬಳಕೆಯ ಪ್ರೊಸೆಸರ್‌ಗಳು ಗ್ರಾಫಿಕ್ಸ್‌ಗೆ ಸಾಮಾನ್ಯವಾಗಿ ಕೊಡುವುದು ಹದಿನಾರು ಲೇನ್‌ಗಳನ್ನು, ಎರಡು ಕಾರ್ಡ್ ಹಾಕಿದರೆ ಅವೇ ಪಾಲಾಗುತ್ತವೆ.

ಕಂಪನಿಗಳು ಹಿಂದೆ ಸರಿದದ್ದು ಇದರ ನಂತರ, ಹಂತ ಹಂತವಾಗಿ. 2016ರ ಜಿಟಿಎಕ್ಸ್ 1060ರಲ್ಲಿ ಎರಡು ಕಾರ್ಡ್‌ಗಳನ್ನು ಬೆಸೆಯುವ ಬ್ರಿಜ್ ಸಿಕ್ಕಿಸಲು ಬೇಕಾದ ಎಸ್‌ಎಲ್‌ಐ ಜೋಡಣೆಯ ತುದಿಯೇ ಇರಲಿಲ್ಲ. 2020ರಲ್ಲಿ 30 ಸರಣಿ ಬಂದಾಗ ಅದು ಉಳಿದದ್ದು ಆರ್‌ಟಿಎಕ್ಸ್ 3090ಕ್ಕೆ ಮಾತ್ರ. 2021ರ ಜನವರಿ 1ರಿಂದ 20 ಸರಣಿ ಮತ್ತು ಅದಕ್ಕಿಂತ ಹಳೆಯ ಕಾರ್ಡ್‌ಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್‌ಗಳನ್ನು (ಒಂದೊಂದು ಗೇಮ್‌ನಲ್ಲಿ ಎರಡು ಕಾರ್ಡ್‌ಗಳನ್ನು ದುಡಿಸಲು ಡ್ರೈವರ್‌ಗೆ ಬೇಕಾದ ಸೂಚನೆಗಳನ್ನು) ಸೇರಿಸುವುದನ್ನು ಎನ್‌ವಿಡಿಯಾ ನಿಲ್ಲಿಸಿತು; 2022ರ ಆರ್‌ಟಿಎಕ್ಸ್ 4090ರಲ್ಲಿ ಜೋಡಣೆಯ ತುದಿ ಪೂರ್ತಿಯಾಗಿ ಮಾಯವಾಯಿತು. ಎಎಂಡಿಯ 2019ರ ಆರ್‌ಎಕ್ಸ್ 5700 ಎಕ್ಸ್‌ಟಿಯಲ್ಲಿಯೂ ಕ್ರಾಸ್‌ಫೈರ್ ಇಲ್ಲ.

ವಿಂಡೋಸ್‌ನಲ್ಲಿ ಗೇಮ್‌ಗಳು ಕಾರ್ಡಿನೊಂದಿಗೆ ವ್ಯವಹರಿಸುವ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್‌ನ 12ನೆಯ ಆವೃತ್ತಿ ಬಂದಾಗ ಹೊಸ ಭರವಸೆಯೊಂದು ಹುಟ್ಟಿತ್ತು. ಬೇರೆ ಬೇರೆ ಕಂಪನಿಯ ಕಾರ್ಡ್‌ಗಳನ್ನೂ ಒಟ್ಟಿಗೆ ದುಡಿಸುವ ಅವಕಾಶ ಅದರಲ್ಲಿದೆ, ಆಶಸ್ ಆಫ್ ದ ಸಿಂಗ್ಯುಲಾರಿಟಿ ಎಂಬ ಗೇಮ್ ಅದನ್ನು ಮಾಡಿಯೂ ತೋರಿಸಿತು. ಆದರೆ ಕೆಲಸವನ್ನು ಹಂಚುವ ಹೊಣೆ ಅಲ್ಲಿ ಡ್ರೈವರ್‌ನಿಂದ ಗೇಮ್ ತಯಾರಕರ ಹೆಗಲಿಗೆ ಬಿತ್ತು. ಎರಡು ಕಾರ್ಡ್ ಇರುವ ಬೆರಳೆಣಿಕೆಯ ಆಟಗಾರರಿಗಾಗಿ ತಿಂಗಳುಗಟ್ಟಲೆ ದುಡಿಯಲು ಹೆಚ್ಚಿನವರು ಮುಂದಾಗಲಿಲ್ಲ. ಅವರನ್ನು ನಾನು ದೂರುವುದಿಲ್ಲ.

ಇಷ್ಟೆಲ್ಲವನ್ನೂ ಗೋಣಿಕೊಪ್ಪಲಿನಲ್ಲಿರುವ ನನ್ನ ಅಕ್ಕನ ಮಗನಿಗೆ ಕುಳಿತು ವಿವರಿಸಬೇಕಾಯಿತು. ಅವನ ಬಳಿ 12 ಜಿಬಿಯ ಆರ್‌ಟಿಎಕ್ಸ್ 3060 ಇದೆ, ಯಾರೋ ಅದೇ ಕಾರ್ಡನ್ನು ಅಗ್ಗಕ್ಕೆ ಕೊಡುತ್ತೇನೆ ಎಂದಿದ್ದರು. "ಮಾವ, ಎರಡು ಸೇರಿದರೆ 24 ಜಿಬಿ ಆಗುತ್ತದಲ್ಲ?" ಎಂದು ಕೇಳಿದ. "ಆಗುವುದಿಲ್ಲ ಮಗ. ಜೋಡಣೆ ನಡೆಯುತ್ತಿದ್ದ ಕಾಲದಲ್ಲಿಯೂ ಒಂದೇ ದೃಶ್ಯದ ಪ್ರತಿ ಎರಡೂ ಕಾರ್ಡ್‌ಗಳಲ್ಲಿ ಇರಬೇಕಿತ್ತು. ಗೇಮ್‌ಗೆ ಸಿಗುತ್ತಿದ್ದುದು ಹನ್ನೆರಡೇ" ಎಂದೆ. ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆದು, ಕಾರ್ಡಿನ ಮೇಲಂಚಿನ ಉದ್ದಕ್ಕೂ ಅವನ ಬೆರಳನ್ನೇ ಓಡಿಸಿದೆ. ಕರೆಂಟಿನ ವೈರ್ ಸಿಕ್ಕಿಸುವ ಜಾಗ ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ; ಬ್ರಿಜ್ ಕೂರಿಸಲು ಹಳೆಯ ಕಾರ್ಡ್‌ಗಳಲ್ಲಿ ಇರುತ್ತಿದ್ದ ಚಿನ್ನದ ಬಣ್ಣದ ಗೀರುಗಳು 3060ರಲ್ಲಿ ಬರುವುದೇ ಇಲ್ಲ. ಎರಡನೆಯದನ್ನು ಹಾಕಿದ್ದರೆ ಗೇಮ್ ನಡೆಯುವಾಗ ಅದು ಸುಮ್ಮನೆ ಬೆಚ್ಚಗೆ ಕುಳಿತಿರುತ್ತಿತ್ತು. ಇರುವ ಕಾರ್ಡನ್ನು ಮಾರಿ, ಎರಡನೆಯದಕ್ಕೆ ಎತ್ತಿಟ್ಟ ಹಣ ಸೇರಿಸಿ, 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ ಅಥವಾ ಇನ್ನೂ ಸ್ವಲ್ಪ ಕೂಡಿಸಿ ಆರ್‌ಎಕ್ಸ್ 9070 ನೋಡು ಎಂದು ಹೇಳಿದೆ. ಮೊದಲನೆಯದು 180 ವ್ಯಾಟ್, ಎರಡನೆಯದು 220 ವ್ಯಾಟ್. ಎರಡು 3060 ಒಟ್ಟಿಗೆ ದುಡಿಯುವಂತಿದ್ದರೆ ಬೇಕಾಗುತ್ತಿದ್ದುದು 340 ವ್ಯಾಟ್.

ಈ ವ್ಯಾಟ್‌ಗಳ ಲೆಕ್ಕ ಬೆಂಗಳೂರಿನವರಿಗಿಂತ ನಮಗೆ ಹೆಚ್ಚು ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಮರಗಳು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುವುದು, ಬಂದಾಗಲೂ ವೋಲ್ಟೇಜ್ ಏರಿಳಿಯುವುದು ಕೊಡಗಿನಲ್ಲಿ ಹೊಸತಲ್ಲ. ಹೆಚ್ಚಿನ ಮನೆಗಳಲ್ಲಿರುವ 850 ವಿಎ ಇನ್ವರ್ಟರ್ 700 ವ್ಯಾಟ್‌ನ ಆಸುಪಾಸಿನ ಹೊರೆಯನ್ನಷ್ಟೇ ಹೊರಬಲ್ಲದು, ಅದರಲ್ಲಿ ದೀಪ, ಫ್ಯಾನ್, ಟಿವಿಯ ಪಾಲೂ ಇರುತ್ತದೆ. ತಲಾ 350 ವ್ಯಾಟ್‌ನ ಎರಡು 3090 ಜೋಡಿಸಿದರೆ ಕಾರ್ಡ್‌ಗಳೇ 700 ವ್ಯಾಟ್ ಮುಟ್ಟುತ್ತವೆ. ಪ್ರೊಸೆಸರ್ ಮತ್ತು ಮಾನಿಟರ್ ಇನ್ನೂ ಹೊರಗಿವೆ. ಇಂಥ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ತಮ್ಮ ಹೇಳಿಕೆಯ ಮಿತಿಯನ್ನು ಮೀರಿ ಎಳೆಯುವುದರಿಂದ ಸಣ್ಣ ಯುಪಿಎಸ್ ಆ ಕ್ಷಣದಲ್ಲಿಯೇ ಕೈಕೊಡುತ್ತದೆ. ಹೆಚ್ಚುವರಿ 170 ವ್ಯಾಟ್‌ನ ಕಾರ್ಡ್ ದಿನಕ್ಕೆ ಮೂರು ಗಂಟೆ ಪೂರ್ತಿ ದುಡಿದರೆ ತಿಂಗಳಿಗೆ 15 ಯೂನಿಟ್ ಹೆಚ್ಚಾಗುತ್ತದೆ; ಬಿಲ್ಲಿನಲ್ಲಿ ಅದು ದೊಡ್ಡದಲ್ಲ, ದೊಡ್ಡದಾಗುವುದು ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಮತ್ತು ಯುಪಿಎಸ್‌ಗಳನ್ನು ಆ ಹೊರೆಗೆ ತಕ್ಕಂತೆ ಬದಲಾಯಿಸುವ ಖರ್ಚು. ಮಳೆಗಾಲದ ತೇವದ ಬಗ್ಗೆಯೂ ಒಂದು ಮಾತು: ಎರಡು ದಪ್ಪ ಕಾರ್ಡ್‌ಗಳು ಒತ್ತಿಕೊಂಡಿದ್ದಾಗ ನಡುವೆ ಸೇರುವ ಧೂಳು ತೇವ ಹೀರಿ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸಲು ಎರಡನ್ನೂ ಕಳಚಲೇಬೇಕು. ಎರಡನೆಯ ಕಾರ್ಡಿನ ಹಣದಲ್ಲಿ ಒಳ್ಳೆಯ ಯುಪಿಎಸ್ ಕೊಳ್ಳಿ ಎಂದು ನಾನು ಮಡಿಕೇರಿಯವರಿಗಾಗಲಿ ಪೊನ್ನಂಪೇಟೆಯವರಿಗಾಗಲಿ ಒತ್ತಾಯಿಸುವುದು ಇದಕ್ಕಾಗಿಯೇ.

ಗೇಮ್‌ನಲ್ಲಿ ಎರಡನೆಯ ಕಾರ್ಡಿಗೆ ಈಗ ಉಳಿದಿರುವ ಒಂದು ಪ್ರಾಮಾಣಿಕ ಉಪಯೋಗವನ್ನು ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಗೇಮ್‌ಗಳನ್ನು ಮಾರುವ ತಾಣವಾದ ಸ್ಟೀಮ್‌ನಲ್ಲಿ ಸಿಗುವ ಲಾಸ್‌ಲೆಸ್ ಸ್ಕೇಲಿಂಗ್ ಎಂಬ ತಂತ್ರಾಂಶ ಎರಡು ನಿಜವಾದ ಫ್ರೇಮ್‌ಗಳ ನಡುವೆ ಕೃತಕ ಫ್ರೇಮ್‌ಗಳನ್ನು ಸೃಷ್ಟಿಸುತ್ತದೆ, ಮತ್ತು ಆ ಸೃಷ್ಟಿಯ ಕೆಲಸವನ್ನು ಇನ್ನೊಂದು ಕಾರ್ಡಿಗೆ ವಹಿಸಲು ಬಿಡುತ್ತದೆ. ಗೇಮನ್ನು ದೊಡ್ಡ ಕಾರ್ಡ್ ಬಿಡಿಸುತ್ತದೆ, ಮಾನಿಟರ್‌ನ ಕೇಬಲ್ ಚಿಕ್ಕ ಕಾರ್ಡಿಗೆ ಸಿಕ್ಕಿಸಿರುತ್ತದೆ. ಎರಡೂ ಒಂದೇ ಮಾದರಿಯವಾಗಿರಬೇಕಿಲ್ಲ, ಒಂದೇ ಕಂಪನಿಯವೂ ಆಗಿರಬೇಕಿಲ್ಲ. 53 ವ್ಯಾಟ್‌ನ ಆರ್‌ಎಕ್ಸ್ 6400 ಮನೆಯಲ್ಲಿ ಬಿದ್ದಿದ್ದರೆ ಪ್ರಯತ್ನಿಸಿ ನೋಡಬಹುದು. ಕೃತಕ ಫ್ರೇಮ್‌ಗಳು ನಿಮ್ಮ ಮೌಸ್‌ನ ಚಲನೆಗೆ ಸ್ಪಂದಿಸುವುದಿಲ್ಲ, ಕೈ ಮತ್ತು ಪರದೆಯ ನಡುವಿನ ತಡ ಸ್ವಲ್ಪ ಹೆಚ್ಚಾಗುತ್ತದೆ. ನಿಧಾನವಾಗಿ ಅಲೆದಾಡುವ ಗೇಮ್‌ಗಳಿಗೆ ಇದು ಸರಿ, ಗುಂಡು ಹಾರಿಸುವ ಸ್ಪರ್ಧೆಯ ಗೇಮ್‌ಗಳಿಗೆ ನಾನು ಇದನ್ನು ಸೂಚಿಸುವುದಿಲ್ಲ. ಇದಕ್ಕೆಂದೇ ಹೊಸ ಕಾರ್ಡ್ ಕೊಳ್ಳುವುದಂತೂ ಬೇಡ. 10 ಸರಣಿಯ ಹಳೆಯ ಕಾರ್ಡ್ ಬಳಸುವ ಯೋಚನೆಯಿದ್ದರೆ, ಅವುಗಳಿಗೆ ಹೊಸ ಗೇಮ್ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿದೆ ಎಂಬುದು ನೆನಪಿರಲಿ.

ಗೇಮ್‌ನ ಆಚೆಗೆ ಬಂದರೆ ಲೆಕ್ಕ ಬೇರೆಯೇ ಆಗುತ್ತದೆ. 3ಡಿ ಚಿತ್ರ ತಯಾರಿಸುವ ತಂತ್ರಾಂಶವಾದ ಬ್ಲೆಂಡರ್‌ನ ಸೈಕಲ್ಸ್ ಎಂಬ ಭಾಗದಲ್ಲಿ ಚಿತ್ರ ರೆಂಡರ್ ಮಾಡುವಾಗ (ಅಂತಿಮ ಚಿತ್ರ ಮೂಡಿಸುವಾಗ) ಕೆಲಸವನ್ನು ಕಾರ್ಡ್‌ಗಳ ನಡುವೆ ಸಲೀಸಾಗಿ ಹಂಚಬಹುದು, ಬ್ರಿಜ್ ಕೂಡ ಬೇಕಿಲ್ಲ. ಎರಡನೆಯ ಕಾರ್ಡಿನಿಂದ ಸಮಯ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಡಾವಿಂಚಿ ರಿಸಾಲ್ವ್ ಬಳಸುತ್ತಿದ್ದರೆ, ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ಒಂದೇ ಕಾರ್ಡನ್ನು ಬಳಸುತ್ತದೆ, ಹಣ ಕೊಟ್ಟು ಪಡೆಯುವ ಸ್ಟುಡಿಯೋ ಆವೃತ್ತಿ ಮಾತ್ರ ಎರಡನ್ನೂ ದುಡಿಸುತ್ತದೆ ಎಂಬುದನ್ನು ಕಾರ್ಡ್ ಕೊಳ್ಳುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಗಲಿನ ಅಂಥ ದುಡಿಮೆಗಾಗಿ ಎರಡು ಕಾರ್ಡ್ ಇಟ್ಟುಕೊಂಡವರು ಸಂಜೆ ಗೇಮ್ ಆಡಲು ಕುಳಿತರೆ ಮಾನಿಟರನ್ನು ಮೇಲಿನ ಸ್ಲಾಟಿನ ಕಾರ್ಡಿಗೇ ಜೋಡಿಸಿ, ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆ ಗೇಮ್‌ಗೆ ಅದೇ ಕಾರ್ಡನ್ನು ಆರಿಸಿಕೊಂಡರೆ ಸಾಕು.